ಊರೊಳಗಿನ ಹುಲ್ಲು: ಎಷ್ಟು ದಿನಕ್ಕೊಮ್ಮೆ ಕೊಯ್ಯಬೇಕು?

ಕೃಷ್ಣಾ ತೀರದ ಗಲಗಲಿಯಂಥ ಊರಿನ ರೈತರ ಮುಂದೆ ಕಬ್ಬು, ಗೋವಿನಜೋಳ, ಉಳ್ಳಾಗಡ್ಡಿಗಳ ಮಾತು ಬಿಟ್ಟು ಅಂಗಳದ ಹುಲ್ಲಿನ ಮಾತು ಏಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ಸರಿಯಾದುದೇ. ಹುಲ್ಲುಹಾಸು ಎಂದರೆ ಬೆಂಗಳೂರಿನ ಲಾಲ್‌ಬಾಗಿನದೋ, ಆಲಮಟ್ಟಿ ಅಣೆಕಟ್ಟಿನ ಕೆಳಗಿನ ಉದ್ಯಾನದ್ದೋ ಎಂದು ನಾವು ತಿಳಿದಿದ್ದೇವೆ. ಆದರೆ ಒಮ್ಮೆ ಸುತ್ತಲೂ ನೋಡಿರಿ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ನೀರು ನಿಂತ ಮೇಲೆ ಎಷ್ಟೋ ಊರುಗಳು ಎದ್ದು ಹೊಸ ಜಾಗಕ್ಕೆ ಹೋದವು. ಬಾಗಲಕೋಟೆಗೆ ನವನಗರ ಬಂತು. ಪುನರ್ವಸತಿ ಕೇಂದ್ರಗಳಲ್ಲಿ ಶಾಲೆ, ದವಾಖಾನೆ, ಪಂಚಾಯತಿ ಕಚೇರಿಗಳಿಗೆ ಕಂಪೌಂಡುಗಳಾದವು. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳು ಹೊಲದ ಕಡೆಗೆ ಬೆಳೆದವು. ಈ ಕಂಪೌಂಡುಗಳೊಳಗೆಲ್ಲ ಹುಲ್ಲಿದೆ. ಅದನ್ನು ಕತ್ತರಿಸಲು ಹೆಗಲಿಗೆ ತೂಗುಹಾಕಿಕೊಳ್ಳುವ ಪೆಟ್ರೋಲಿನ ಯಂತ್ರವೂ ಬಂದಿದೆ. ಈ ಹುಲ್ಲಿಗೂ ನಿಮ್ಮ ಹೊಲಕ್ಕೂ ನಡುವೆ ಇರುವ ದೂರ ಜೇನುಹುಳಕ್ಕೆ ಒಂದು ಹಾರಾಟದಷ್ಟೇ. ತುಡುವೆ ಜೇನು ಸಾಮಾನ್ಯವಾಗಿ ಗೂಡಿನಿಂದ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ ಮೇಯುತ್ತದೆ. ಹೆಜ್ಜೇನು ಇನ್ನೂ ದೂರ ಹೋಗುತ್ತದೆ. ಶಾಲೆಯ ಅಂಗಳದಲ್ಲಿ ಮೇವು ಇಲ್ಲವಾದರೆ ಅದರ ಪರಿಣಾಮ ಆಚೆಯ ಸೂರ್ಯಕಾಂತಿಯ ಹೂದಟ್ಟೆಯಲ್ಲಿ ಜೊಳ್ಳಾಗಿ ಕಾಣಬಹುದು.

ಆದುದರಿಂದ ಊರೊಳಗಿನ ಹುಲ್ಲನ್ನು ಎಷ್ಟು ಸಲ, ಯಾವಾಗ, ಎಷ್ಟು ಎತ್ತರಕ್ಕೆ ಕೊಯ್ದರೆ ಅದರಲ್ಲಿರುವ ಜೀವಿಗಳು ಉಳಿಯುತ್ತವೆ ಎಂಬುದನ್ನು ತಿಳಿದುಕೊಳ್ಳುವುದು ರೈತರಿಗೂ ಪ್ರಯೋಜನಕಾರಿ.

ನಾನೇ ಕೊಟ್ಟ ಒಂದು ಸಲಹೆ

ಕೆಲವು ವರ್ಷಗಳ ಹಿಂದೆ ಕೃಷ್ಣಾ ದಂಡೆಯ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಮಳೆ ಬಿದ್ದು ಅಂಗಳದ ತುಂಬ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಹುಡುಗರಿಗೆ ಹಾವು ಕಚ್ಚೀತೆಂಬ ಭಯದಿಂದ ಮಾಸ್ತರರು ಏನು ಮಾಡಬೇಕೆಂದು ಕೇಳಿದರು. ವಾರಕ್ಕೊಮ್ಮೆ ಯಂತ್ರದಿಂದ ನೆಲಮಟ್ಟಕ್ಕೆ ಕತ್ತರಿಸಿರಿ, ಬೇಲಿಯ ಅಂಚಿಗೆ ಕಳೆನಾಶಕ ಹೊಡೆಯಿರಿ ಎಂದು ಹೇಳಿ ಬಂದೆ. ಅವರು ಅದರಂತೆಯೇ ಮಾಡಿದರು. ಅಂಗಳ ನೋಡಲು ಅಚ್ಚುಕಟ್ಟಾಯಿತು.

ಶ್ರಾವಣ ಮುಗಿಯುವ ಹೊತ್ತಿಗೆ ಮತ್ತೆ ಹೋದಾಗ ಮಾಸ್ತರರು ಶಾಲೆಯ ಕೈತೋಟ ತೋರಿಸಿದರು. ಕುಂಬಳದ ಬಳ್ಳಿ ಸೊಂಪಾಗಿತ್ತು, ಹೂವೂ ಸಾಕಷ್ಟಿತ್ತು, ಆದರೆ ಹೆಣ್ಣು ಹೂವಿನ ಬುಡದ ಮಿಡಿಗಳು ಹಳದಿಯಾಗಿ ಉದುರುತ್ತಿದ್ದವು. ಸವತಿಯದೂ ಅದೇ ಪಾಡು. ಯಾವ ಔಷಧ ಹೊಡೆಯಬೇಕೆಂದು ಅವರ ಪ್ರಶ್ನೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಬಳ್ಳಿಯ ಹತ್ತಿರ ಅರ್ಧ ತಾಸು ಕುಳಿತೆವು. ಕುಂಬಳದ ಹೂ ಅರಳುವುದು ಬೆಳಗಿನಲ್ಲೇ, ಮಧ್ಯಾಹ್ನಕ್ಕೆ ಮುದುಡುತ್ತದೆ. ಆ ಅರ್ಧ ತಾಸಿನಲ್ಲಿ ಒಂದು ಜೇನುಹುಳವೂ ಬರಲಿಲ್ಲ. ಗಂಡು ಹೂವನ್ನು ಕಿತ್ತು, ದಳ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವೆ ಮುಟ್ಟಿಸುವುದನ್ನು ಹುಡುಗರಿಗೆ ಕಲಿಸಿ ಬಂದೆ. ಹಾಗೆ ಮುಟ್ಟಿಸಿದ ಹೂಗಳಲ್ಲಿ ಕಾಯಿ ಕಚ್ಚಿತು. ಬಳ್ಳಿಗೆ ಬೇಕಾದುದು ಔಷಧವಲ್ಲ, ಪರಾಗ ತಂದುಕೊಡುವ ಹುಳ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಅದೇ ದಿನ ಕಂಪೌಂಡಿನ ಬಾಗಿಲಲ್ಲಿ ಕುಡಗೋಲು ಹಿಡಿದುಕೊಂಡ ಒಬ್ಬ ವಯಸ್ಸಾದ ಹೆಣ್ಣುಮಗಳು ನಿಂತಿದ್ದರು. ನನ್ನನ್ನು ನೋಡಿ, "ಸಾಹೇಬ್ರ, ಈ ಮಿಶಿನ್ ಬಂದಾಗಿಂದ ನನ್ನ ಎಮ್ಮಿಗೆ ಇಲ್ಲಿ ಹುಲ್ಲ ಇಲ್ಲದಂಗ ಆತು ನೋಡ್ರಿ" ಎಂದರು. ಮೊದಲು ಹೇಗೆ ಕೊಯ್ಯುತ್ತಿದ್ದಿರಿ ಎಂದು ಕೇಳಿದೆ. "ಇವತ್ತ ಈ ಮೂಲಿ, ನಾಳಿ ಆ ಮೂಲಿರಿ. ಒಮ್ಮಿಗೇ ಎಲ್ಲಾ ಕೊಯ್ದ್ರ ನಾಳಿ ಎಮ್ಮಿಗೆ ಏನ ಹಾಕೂದ್ರಿ ಯಪ್ಪಾ?" ಎಂದರು. ಯಂತ್ರ ಕತ್ತರಿಸಿದ ಹುಲ್ಲು ಪುಡಿಯಾಗಿ ಮಣ್ಣು, ಹರಳು, ಪ್ಲಾಸ್ಟಿಕ್ಕಿನ ಚೂರುಗಳೊಡನೆ ಚೆಲ್ಲಿಹೋಗುತ್ತದೆ; ದನಕ್ಕೆ ಹಾಕಲು ಬರುವುದಿಲ್ಲ. ಕಳೆನಾಶಕ ಹೊಡೆದ ಅಂಚಿನ ಹುಲ್ಲನ್ನಂತೂ ಮುಟ್ಟಲೇಬಾರದು. ನಾನು ಕೊಟ್ಟ ಒಂದು ಸಲಹೆಯಿಂದ ಹುಡುಗರ ಕುಂಬಳಕಾಯಿಯೂ ಹೋಯಿತು, ಆ ತಾಯಿಯ ಮೇವೂ ಹೋಯಿತು. ಈ ಲೇಖನ ಬರೆಯಲು ಕಾರಣ ಅದೇ.

ಆಕೆ ಹೇಳಿದ "ಇವತ್ತ ಈ ಮೂಲಿ, ನಾಳಿ ಆ ಮೂಲಿ" ಎಂಬ ಕ್ರಮದ ಬೆಲೆ ತಿಳಿಯಬೇಕಾದರೆ ಮೊದಲು ಅಂಗಳದ ಹುಲ್ಲಿನಲ್ಲಿ ಏನೇನಿದೆ ಎಂದು ನೋಡಬೇಕು.

ಹುಲ್ಲೆಂದರೆ ಬರೀ ಹುಲ್ಲಲ್ಲ

ನಮ್ಮ ಕರಿಮಣ್ಣಿನ ಅಂಗಳದಲ್ಲಿ ನೆಲ ಹಿಡಿದಿರುವುದು ಮುಖ್ಯವಾಗಿ ಕರಕಿ, ಅಂದರೆ ಗಣಪತಿಗೆ ಏರಿಸುವ ಗರಿಕೆ. ಇದರ ಬಳ್ಳಿ ನೆಲಕ್ಕೆ ಅಂಟಿಕೊಂಡು ಗೆಣ್ಣುಗೆಣ್ಣಿಗೆ ಬೇರು ಬಿಡುವುದರಿಂದ ಮೇಲೆ ಎಷ್ಟು ಸಲ ಕತ್ತರಿಸಿದರೂ ಚಿಗುರುತ್ತದೆ. ಆದರೆ ಕರಕಿಯ ಹೂವಿನಲ್ಲಿ ಮಕರಂದವಿಲ್ಲ. ಜೇನು, ಪಾತರಗಿತ್ತಿಗಳಿಗೆ ಬೇಕಾದುದು ಕರಕಿಯ ನಡುವೆ ಬೆಳೆಯುವ ಅಗಲ ಎಲೆಯ ಸಣ್ಣ ಗಿಡಗಳು: ಬಿಳಿ ಹೂವಿನ ತುಂಬೆ, ನೀಲಿ ಹೂವಿನ ವಿಷ್ಣುಕ್ರಾಂತಿ, ಹಳದಿ ಹೂವಿನ ನೆಗ್ಗಿಲಮುಳ್ಳು, ಉತ್ತರಾಣಿ, ಗೋಳಿ, ಪಲ್ಯಕ್ಕೆ ಕಿತ್ತುಕೊಳ್ಳುವ ಕಿರಕಸಾಲಿ, ಗಾಯಕ್ಕೆ ಸೊಪ್ಪು ಹಿಂಡುವ ಟ್ರೈಡ್ಯಾಕ್ಸ್. ಈ ಟ್ರೈಡ್ಯಾಕ್ಸ್ ಎಂಬುದು ಅಮೆರಿಕ ಖಂಡದಿಂದ ಬಂದ ಕಳೆಯೇ ಹೌದು. ಆದರೂ ವರ್ಷದ ಬಹುಕಾಲ ಹೂ ಬಿಡುವುದರಿಂದ ಪಾತರಗಿತ್ತಿಗಳಿಗೆ ಅದು ದೊಡ್ಡ ಆಸರೆ.

ಇವುಗಳಲ್ಲಿ ಕೆಲವು ಹುಳಗಳ ಊಟದ ತಟ್ಟೆ ಮಾತ್ರವಲ್ಲ, ತೊಟ್ಟಿಲೂ ಹೌದು. ಉಗುರಿನಷ್ಟು ಅಗಲದ ನೀಲಿ ಪಾತರಗಿತ್ತಿಗಳು ನೆಲದ ಮೇಲೆ ಗೇಣೆತ್ತರದಲ್ಲಿ ಹಾರುವುದನ್ನು ನೋಡಿರುತ್ತೀರಿ. ಅವುಗಳಲ್ಲೊಂದು ಜಾತಿ ತತ್ತಿ ಇಡುವುದು ನೆಗ್ಗಿಲಮುಳ್ಳಿನ ಮೇಲೆ. ಸಂಜೆ ಮನೆಯೊಳಗೆ ದೀಪದ ಹತ್ತಿರ ಬಂದು ಕೂರುವ, ಒಣ ಎಲೆಯಂತೆ ಕಾಣುವ ಕಂದು ಪಾತರಗಿತ್ತಿಯ ಮರಿಹುಳ ಬೆಳೆಯುವುದು ಹುಲ್ಲಿನ ಗರಿಯನ್ನೇ ತಿಂದು. ಹುಲ್ಲಿನ ಬುಡದಲ್ಲಿ ಜೇಡಗಳಿವೆ, ನೆಲಜೀರುಂಡೆಗಳಿವೆ, ನೆಲದಲ್ಲಿ ಬಿಲ ಮಾಡಿ ಒಂಟಿಯಾಗಿ ಬದುಕುವ ಚಿಕ್ಕ ಜೇನುಗಳಿವೆ. ಇವು ಗೂಡು ಕಟ್ಟಿ ಜೇನು ಕೂಡಿಡುವುದಿಲ್ಲವಾದ್ದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ಕುಂಬಳ ಜಾತಿಯ ಹೂಗಳಿಗೆ ಬರುವವರಲ್ಲಿ ಇವರೂ ಇದ್ದಾರೆ.

ಕಬ್ಬು ಬೆಳೆಯುವವರು ಇನ್ನೊಂದು ಸಂಗತಿ ಗಮನಿಸಬೇಕು. ಕಾಂಡಕೊರಕದ ತತ್ತಿಗಳನ್ನು ನಾಶಮಾಡಲು ನಾವು ಟ್ರೈಕೊಗ್ರಾಮ ಕಾರ್ಡು ಕಟ್ಟುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಕಣಜಕ್ಕೆ ಮಕರಂದ ಸಿಕ್ಕರೆ ಹೆಚ್ಚು ದಿನ ಬದುಕಿ ಹೆಚ್ಚು ತತ್ತಿಗಳನ್ನು ಹುಡುಕುತ್ತದೆ. ದುಡ್ಡು ಕೊಟ್ಟು ಕಾರ್ಡು ತಂದು, ಒಡ್ಡಿನ ಮೇಲಿನ ಹೂಗಿಡಗಳನ್ನೆಲ್ಲ ಸವರಿಹಾಕುವುದು ಕರೆದ ಅತಿಥಿಗೆ ನೀರೂ ಕೊಡದಂತೆ.

ಹಕ್ಕಿಗಳ ವಿಷಯ ಸ್ವಲ್ಪ ಬೇರೆ. ಹುಲ್ಲಿನ ಬೀಜ ತಿನ್ನುವ ರಾಟವಾಳಗಳಿಗೆ ತೆನೆ ಬಿಟ್ಟ ಎತ್ತರದ ಹುಲ್ಲು ಬೇಕು. ಗುಬ್ಬಿಗಳು ಕಾಳು ತಿಂದರೂ ಮರಿಗಳಿಗೆ ಉಣಿಸುವುದು ಹುಳಗಳನ್ನು. ಆದರೆ ಚಂದ್ರಮುಕುಟ, ಗೊರವಂಕ, ಟಿಟ್ಟಿಭಗಳು ಗಿಡ್ಡ ಹುಲ್ಲಿನಲ್ಲಿ ಓಡಾಡಿ ಹುಳ ಹೆಕ್ಕುತ್ತವೆ. ಎತ್ತರದ ಹುಲ್ಲಿನಲ್ಲಿ ಅವುಗಳಿಗೆ ಕೊಕ್ಕು ಇಡಲು ಜಾಗವಿರುವುದಿಲ್ಲ. ಆದುದರಿಂದ ಹುಲ್ಲು ಕೊಯ್ಯುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಒಂದೇ ಅಂಗಳದಲ್ಲಿ ಗಿಡ್ಡ ಹುಲ್ಲೂ ಇರಬೇಕು, ಎತ್ತರದ ಹುಲ್ಲೂ ಇರಬೇಕು.

ವಾರದ ಲೆಕ್ಕ, ನಕ್ಷತ್ರದ ಲೆಕ್ಕ

ರೈತನ ಲೆಕ್ಕ ಮಳೆ ನಕ್ಷತ್ರದ ಲೆಕ್ಕ. ಒಂದೊಂದು ನಕ್ಷತ್ರ 13-14 ದಿನ. ಜೂನ್ ಎರಡನೆಯ ವಾರದ ಮೃಗಶಿರದಿಂದ ನವೆಂಬರ್ ಮೊದಲ ವಾರ ಸ್ವಾತಿ ಮುಗಿಯುವವರೆಗೆ 11 ನಕ್ಷತ್ರಗಳು, ಸುಮಾರು 150 ದಿನಗಳು. ಮಳೆಯಾಶ್ರಿತ ಹುಲ್ಲು ಬೆಳೆಯುವ ಕಾಲವೆಲ್ಲ ಇಷ್ಟರಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ ಮಳೆ, ಅದರಲ್ಲೂ ಸಪ್ಟಂಬರಿನ ಸುತ್ತ ಬೀಳುವ ಪಾಲು ದೊಡ್ಡದು.

ಈಗ ಎಣಿಸಿರಿ. ವಾರಕ್ಕೊಮ್ಮೆ ಕತ್ತರಿಸಿದರೆ ಈ ಅವಧಿಯಲ್ಲಿ 21 ಸಲ ಕತ್ತರಿಸಿದಂತಾಯಿತು. ನಕ್ಷತ್ರಕ್ಕೊಮ್ಮೆಯಾದರೆ 11 ಸಲ, ಎರಡು ನಕ್ಷತ್ರಕ್ಕೊಮ್ಮೆಯಾದರೆ ಐದಾರು ಸಲ, ಮೂರಕ್ಕೊಮ್ಮೆಯಾದರೆ ಮೂರು ನಾಲ್ಕು ಸಲ. ಸಣ್ಣ ನೀಲಿ ಪಾತರಗಿತ್ತಿ ತತ್ತಿಯಿಂದ ಹೊರಟು, ಮರಿಹುಳವಾಗಿ, ಕೋಶವಾಗಿ, ರೆಕ್ಕೆ ಬಿಚ್ಚಲು ಸಾಮಾನ್ಯವಾಗಿ ಮೂರು ನಾಲ್ಕು ವಾರ ಹಿಡಿಯುತ್ತದೆ. ವಾರಕ್ಕೊಮ್ಮೆ ನೆಲಮಟ್ಟಕ್ಕೆ ಕತ್ತರಿಸುವ ಅಂಗಳದಲ್ಲಿ ಇಟ್ಟ ತತ್ತಿ ಎಲೆಯೊಡನೆ ಕಸದ ಗುಂಡಿಗೆ ಹೋಗುತ್ತದೆ. ನಕ್ಷತ್ರಕ್ಕೊಮ್ಮೆ ಕತ್ತರಿಸಿದರೆ ಹೂಗಳು ಅರಳುತ್ತವೆ, ಜೇನಿಗೆ ಮೇವು ಸಿಗುತ್ತದೆ, ಆದರೆ ಪಾತರಗಿತ್ತಿಯ ಸಂಸಾರ ಅರ್ಧದಲ್ಲೇ ನಿಲ್ಲುತ್ತದೆ. ಎರಡು ನಕ್ಷತ್ರ ಬಿಟ್ಟರೆ ಕೆಲವಾದರೂ ರೆಕ್ಕೆ ಬಿಚ್ಚುತ್ತವೆ. ಮೂರು ನಕ್ಷತ್ರ ಬಿಟ್ಟ ಮೂಲೆಯಲ್ಲಿ ಅವು ನಿಶ್ಚಿಂತೆಯಿಂದ ಹೊರಬರುತ್ತವೆ, ಹುಲ್ಲೂ ತೆನೆ ಬಿಡುತ್ತದೆ, ರಾಟವಾಳಗಳೂ ಬರುತ್ತವೆ.

ಬೇರೆ ದೇಶಗಳಲ್ಲಿ ಕಂಡುಬಂದದ್ದು

ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಎಂಬಾತ ರೂಪಿಸಿದ. ಉಣ್ಣೆ ಬಟ್ಟೆಯ ಗಿರಣಿಯಲ್ಲಿ ನೇಯ್ದ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಸವರುವ ಯಂತ್ರವನ್ನು ನೋಡಿ ಅವನಿಗೆ ಇದು ಹೊಳೆಯಿತು. ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಸಂಗತಿ ಸೋಜಿಗವೆನಿಸಬಹುದು. ಅಲ್ಲಿಂದ ಮುಂದೆ ನೆಲವನ್ನೂ ಬಟ್ಟೆಯಂತೆ ನುಣ್ಣಗೆ ಇಡಬೇಕೆಂಬ ಅಭಿರುಚಿ ಜಗತ್ತಿಗೆಲ್ಲ ಹಬ್ಬಿತು.

ಇತ್ತೀಚೆಗೆ ಆ ದೇಶಗಳವರೇ ಇದನ್ನು ಮರುಪರಿಶೀಲಿಸುತ್ತಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಸುಸಾನಾ ಲರ್ಮನ್ ಮತ್ತು ಸಂಗಡಿಗರು 16 ಮನೆಗಳ ಅಂಗಳಗಳನ್ನು ಆರಿಸಿಕೊಂಡು ಕೆಲವನ್ನು ವಾರಕ್ಕೊಮ್ಮೆ, ಕೆಲವನ್ನು ಎರಡು ವಾರಕ್ಕೊಮ್ಮೆ, ಕೆಲವನ್ನು ಮೂರು ವಾರಕ್ಕೊಮ್ಮೆ ಕತ್ತರಿಸಿ ನೋಡಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೂರು ವಾರ ಬಿಟ್ಟ ಅಂಗಳಗಳಲ್ಲಿ ಹೂಗಳು ಎರಡೂವರೆ ಪಟ್ಟಿನವರೆಗೆ ಹೆಚ್ಚು ಇದ್ದವು. ಆದರೆ ಜೇನುಹುಳಗಳ ಸಂಖ್ಯೆ ಅತಿ ಹೆಚ್ಚು ಕಂಡದ್ದು ಎರಡು ವಾರಕ್ಕೊಮ್ಮೆ ಕತ್ತರಿಸಿದ ಕಡೆ. ಹುಲ್ಲು ತೀರ ಎತ್ತರವಾದರೆ ಕೆಳಗಿನ ಸಣ್ಣ ಹೂಗಳನ್ನು ಹುಳಗಳು ಮುಟ್ಟುವುದು ಕಷ್ಟವಾಗಿರಬೇಕೆಂದು ಅವರ ಊಹೆ. ಆದರೂ ಎರಡು ವಾರದ ಅಂಗಳಗಳಲ್ಲಿ ಹುಳಗಳು ಹೆಚ್ಚಿದ್ದರೂ ಅವುಗಳ ಜಾತಿಗಳು ಕಡಿಮೆಯಿದ್ದವು. ಅಂದರೆ ಯಾವುದೋ ಒಂದೇ ಅಂತರ ಎಲ್ಲ ಜೀವಿಗಳಿಗೂ ಸರಿಹೋಗುವುದಿಲ್ಲ. ಎರಡು ವಾರವೆಂದರೆ ನಮ್ಮ ಒಂದು ನಕ್ಷತ್ರ ಎಂಬುದನ್ನೂ ಗಮನಿಸಿರಿ.

ಇನ್ನೊಂದು ಅಧ್ಯಯನ ಕೆನಡಾದ ವಿಜ್ಞಾನಿಗಳದು. ಯುರೋಪು, ಉತ್ತರ ಅಮೆರಿಕಗಳಲ್ಲಿ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ಇದರಲ್ಲಿ, ಹೆಚ್ಚು ಸಲ ಕತ್ತರಿಸಿದಷ್ಟೂ ಸಸ್ಯಗಳ ಹಾಗೂ ಹುಳಗಳ ವೈವಿಧ್ಯ ಕಡಿಮೆಯಾಗುತ್ತದೆಂದು ಕಂಡಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದು ಮಾತು: ಪದೇ ಪದೇ ಕತ್ತರಿಸಿದ ಕಡೆ ಪೀಡೆಗಳೂ, ನೆಗಡಿ-ಅಲರ್ಜಿ ತರುವ ರ‍್ಯಾಗ್‌ವೀಡ್ ಎಂಬ ಕಳೆಯೂ ಹೆಚ್ಚಾದವು. ಈ ರ‍್ಯಾಗ್‌ವೀಡ್ ನಮ್ಮ ಕಾಂಗ್ರೆಸ್ ಕಸದ ಹತ್ತಿರದ ನೆಂಟ.

ಇಂಗ್ಲೆಂಡಿನಲ್ಲಿ ಪ್ಲಾಂಟ್‌ಲೈಫ್ ಎಂಬ ಸಂಸ್ಥೆ 2019ರಲ್ಲಿ "ಮೇ ತಿಂಗಳಲ್ಲಿ ಹುಲ್ಲು ಕತ್ತರಿಸಬೇಡಿ" ಎಂಬ ಆಂದೋಲನ ಆರಂಭಿಸಿತು. ಅದನ್ನು ಕೇಳಿ ನಮ್ಮಲ್ಲೂ ಕೆಲವರು ಮೇ ತಿಂಗಳ ಮಾತಾಡುತ್ತಾರೆ. ಅಲ್ಲಿ ಮೇ ಎಂದರೆ ವಸಂತ, ಹೂ ಅರಳುವ ಕಾಲ. ನಮ್ಮ ಮೇ ತಿಂಗಳಲ್ಲಿ ಕರಿಮಣ್ಣು ಬಿರುಕು ಬಿಟ್ಟು, ಕರಕಿ ಒಣಗಿ ಬಿದ್ದಿರುತ್ತದೆ. ಕತ್ತರಿಸದಿರಲು ಅಲ್ಲಿ ಹುಲ್ಲಾದರೂ ಎಲ್ಲಿದೆ? ನಮಗೆ ಹೊಂದುವ ಕಾಲ ಹುಬ್ಬಾ ಮಳೆಯಿಂದ ಸ್ವಾತಿಯವರೆಗೆ. ಇದಕ್ಕೆ ಹೊಸ ಪಂಚಾಂಗ ಬೇಕಿಲ್ಲ. ಗಣೇಶನ ಚೌತಿಗೆ ಕರಕಿ, ಉತ್ತರಾಣಿ ಮೊದಲಾದ ಪತ್ರಿ ಊರೊಳಗೇ ಸಿಗಬೇಕು, ದೀಪಾವಳಿಗೆ ಉತ್ತರಾಣಿ ಕಡ್ಡಿಯೂ ಹೊನ್ನಾವರಿಕೆ ಹೂವೂ ಬೇಲಿಯಲ್ಲಿ ಇರಬೇಕು. ಇವು ಊರಲ್ಲಿ ಸಿಗದೆ ಪೇಟೆಯಿಂದ ಕೊಂಡು ತರುವಂತಾಗಿದ್ದರೆ, ಕೊಯ್ಲು ಹೆಚ್ಚಾಗಿದೆ ಎಂದೇ ಅರ್ಥ.

ಕಾಂಗ್ರೆಸ್ ಕಸದ ತೊಡಕು

ಇಲ್ಲಿ ಒಂದು ನಿಜವಾದ ತೊಡಕಿದೆ. ಕೊಯ್ಯದೆ ಬಿಟ್ಟ ಮೂಲೆಯಲ್ಲಿ ತುಂಬೆ ಒಂದೇ ಬೆಳೆಯುವುದಿಲ್ಲ, ಕಾಂಗ್ರೆಸ್ ಕಸವೂ (ಪಾರ್ಥೇನಿಯಂ) ಬೆಳೆಯುತ್ತದೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಸ ನಮ್ಮ ಭಾಗವನ್ನು ಹೇಗೆ ಆವರಿಸಿತೆಂದು ಹೇಳಬೇಕಾಗಿಲ್ಲ. ಒಂದು ಗಿಡ ಸಾವಿರಾರು ಬೀಜ ಬಿಡುತ್ತದೆ. ಮೈ ತುರಿಕೆ, ಉಬ್ಬಸ ತರುತ್ತದೆ. ಇದರ ಭಯದಿಂದಲೇ ಎಷ್ಟೋ ಕಡೆ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಲಾಗುತ್ತಿದೆ.

ಆದರೆ ಕತ್ತರಿಸುವುದರಿಂದ ಈ ಕಸ ಸಾಯುವುದಿಲ್ಲ. ಬುಡದಿಂದ ಮತ್ತೆ ಚಿಗುರಿ, ಗಿಡ್ಡವಾಗಿಯೇ ಹೂ ಬಿಡುತ್ತದೆ. ನೆಲಮಟ್ಟಕ್ಕೆ ಸವರಿ ಕರಕಿಯನ್ನು ದುರ್ಬಲಗೊಳಿಸಿದರೆ ಬರಿದಾದ ನೆಲದಲ್ಲಿ ಇದರ ಬೀಜಕ್ಕೆ ಇನ್ನಷ್ಟು ಬಿಸಿಲು ಸಿಗುತ್ತದೆ. ಇದಕ್ಕೆ ತಕ್ಕ ಉಪಾಯ ಮಳೆ ಬಿದ್ದು ನೆಲ ಹಸಿಯಿರುವಾಗ, ಹೂ ಬಿಡುವ ಮೊದಲು, ಕೈಗೆ ಚೀಲ ಕಟ್ಟಿಕೊಂಡು ಬೇರುಸಹಿತ ಕೀಳುವುದು. ಒಂದು ಮಳೆಗಾಲದಲ್ಲಿ ಎರಡು ಮೂರು ಸಲ ಕಿತ್ತರೆ ಸಾಕು, ಮುಂದಿನ ವರ್ಷಗಳಲ್ಲಿ ಕೆಲಸ ಹಗುರವಾಗುತ್ತದೆ. ಹೂ ಬಿಟ್ಟ ಗಿಡಗಳನ್ನು ಕಿತ್ತು ಅಲ್ಲೇ ಎಸೆಯಬಾರದು. ಮುಂಗಾರಿಗೆ ಮೊದಲೇ ಆ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ ಕಸವನ್ನು ಒತ್ತಿಹಾಕುತ್ತದೆ.

ಈ ಕಸದ ಎಲೆಯನ್ನು ತಿನ್ನುವ, ಮೈಮೇಲೆ ಕಪ್ಪು ಗೆರೆಗಳಿರುವ ಮೆಕ್ಸಿಕನ್ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಡಲಾಯಿತು. ಅದು ಈಗ ಬಹಳ ಕಡೆ ನೆಲೆಸಿದೆ. ಮಳೆಗಾಲದಲ್ಲಿ ತಿಂದು ಬೆಳೆದು, ಒಣ ಕಾಲದಲ್ಲಿ ಮಣ್ಣಿನೊಳಗೆ ಮಲಗಿರುತ್ತದೆ. ಎಲೆಗಳು ಜಾಲರಿಯಾಗಿ ತೂತುಬಿದ್ದ ಗಿಡಗಳು ಕಂಡರೆ ಅವನ್ನು ಯಂತ್ರದಿಂದ ಕೊಚ್ಚಬೇಡಿರಿ. ಗಿಡದೊಡನೆ ಜೀರುಂಡೆಯ ಮರಿಗಳೂ ಹೋಗುತ್ತವೆ.

ಹಾವಿನ ಭಯ

ಶಾಲೆ, ಅಂಗನವಾಡಿಗಳ ಅಂಗಳದಲ್ಲಿ ಹಾವಿನ ಭಯವನ್ನು ನಗೆಯಾಡುವಂತಿಲ್ಲ. ಕೊಳಕುಮಂಡಲ, ನಾಗರಹಾವುಗಳಿರುವ ನಾಡು ನಮ್ಮದು. ಮಕ್ಕಳು ಓಡಾಡುವ ಜಾಗ, ಬಾಗಿಲಿನಿಂದ ಶೌಚಾಲಯಕ್ಕೆ ಹೋಗುವ ದಾರಿ, ಕಟ್ಟಡದ ಸುತ್ತ ನಾಲ್ಕು ಮೀಟರು, ಇಷ್ಟನ್ನು ಗಿಡ್ಡವಾಗಿಯೇ ಇಡಬೇಕು. ಅದರಲ್ಲಿ ರಾಜಿ ಬೇಡ. ಆದರೆ ಹಾವು ಬರುವುದು ಹುಲ್ಲಿಗಾಗಿ ಅಲ್ಲ, ಇಲಿಗಾಗಿ. ಬಿಸಿಯೂಟದ ಅಡಿಗೆಮನೆಯ ಹಿಂದೆ ಎಸೆದ ಅನ್ನ, ಗೋಡೆಗೆ ಒರಗಿಸಿದ ಕಟ್ಟಿಗೆ, ಒಡೆದ ಇಟ್ಟಿಗೆ-ಹಂಚಿನ ರಾಶಿಗಳು ಇಲಿಯನ್ನೂ ಹಾವನ್ನೂ ಕರೆಯುತ್ತವೆ. ಅಂಗಳವನ್ನೆಲ್ಲ ಬೋಳಿಸಿ ಈ ರಾಶಿಯನ್ನು ಹಾಗೇ ಬಿಟ್ಟಿರುವ ಶಾಲೆಗಳನ್ನು ನಾನು ಬಹಳ ನೋಡಿದ್ದೇನೆ. ಸೊಳ್ಳೆಯ ವಿಷಯವೂ ಹೀಗೆಯೇ. ಸೊಳ್ಳೆ ಹಗಲಲ್ಲಿ ಹುಲ್ಲಿನ ನೆರಳಲ್ಲಿ ಕೂರಬಹುದು, ಆದರೆ ಅದು ಹುಟ್ಟುವುದು ನಿಂತ ನೀರಿನಲ್ಲಿ.

ಭಾಗ ಮಾಡಿ ಕೊಯ್ಯುವುದು

ಹಾಗಾದರೆ ಮಾಡಬೇಕಾದುದೇನು? ಆ ಹೆಣ್ಣುಮಗಳು ಹೇಳಿದ್ದನ್ನೇ ಸ್ವಲ್ಪ ಕ್ರಮಬದ್ಧವಾಗಿ ಮಾಡಬೇಕು. ಉದಾಹರಣೆಗೆ 20 ಗುಂಟೆಯ ಒಂದು ಶಾಲೆಯ ಅಂಗಳ ತೆಗೆದುಕೊಳ್ಳೋಣ. ಆಟದ ಬಯಲು, ದಾರಿ, ಕಟ್ಟಡದ ಸುತ್ತಲಿನ ಜಾಗ ಸೇರಿ 12 ಗುಂಟೆ ಎಂದಿಟ್ಟುಕೊಂಡರೆ, ಅದನ್ನು ನಕ್ಷತ್ರಕ್ಕೊಮ್ಮೆ ಎರಡು ಅಂಗುಲದಷ್ಟು ಉಳಿಸಿ ಕತ್ತರಿಸಬಹುದು. ಉಳಿದ ಎಂಟರಲ್ಲಿ ಆರು ಗುಂಟೆಯನ್ನು ಮೂರು ಪಟ್ಟಿಗಳಾಗಿ ಮಾಡಿ, ಒಂದೊಂದು ನಕ್ಷತ್ರಕ್ಕೆ ಒಂದೊಂದು ಪಟ್ಟಿಯನ್ನು ಕುಡಗೋಲಿನಿಂದ ನಾಲ್ಕು ಅಂಗುಲ ಉಳಿಸಿ ಕೊಯ್ಯಬೇಕು. ಹೀಗೆ ಮಾಡಿದರೆ ಪ್ರತಿ ಪಟ್ಟಿಗೂ ಮೂರು ನಕ್ಷತ್ರಗಳ ಬಿಡುವು ದೊರೆಯುತ್ತದೆ, ಯಾವ ದಿನ ನೋಡಿದರೂ ಎರಡು ಪಟ್ಟಿಗಳಲ್ಲಿ ಹುಲ್ಲು ನಿಂತಿರುತ್ತದೆ. ಕೊಯ್ದ ಪಟ್ಟಿಯ ಹುಳಗಳು ಪಕ್ಕದ ಪಟ್ಟಿಗೆ ಸರಿಯುತ್ತವೆ. ಮೇವೂ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಕೊನೆಯ ಎರಡು ಗುಂಟೆ, ಬೇಲಿಯ ಉದ್ದಕ್ಕೂ ಇರುವ ಅಂಚು. ಅದನ್ನು ಸ್ವಾತಿ ಮಳೆ ಮುಗಿದು ಬೀಜ ಉದುರುವವರೆಗೆ ಮುಟ್ಟಬಾರದು, ಕಾಂಗ್ರೆಸ್ ಕಸ ಕೀಳುವುದಕ್ಕೆ ಹೊರತು.

ಮೇವಿನ ದೃಷ್ಟಿಯಿಂದ ಒಂದು ಮಾತು. ಹುಲ್ಲಿನಲ್ಲಿ ಪೋಷಕಾಂಶ ಚೆನ್ನಾಗಿರುವುದು ತೆನೆ ಹೊರಬರುವ ಹೊತ್ತಿನಲ್ಲಿ. ಬೀಜ ಬಲಿತ ಮೇಲೆ ಕಡ್ಡಿ ಗಡುಸಾಗುತ್ತದೆ. ಆದುದರಿಂದ ಪಟ್ಟಿಗಳ ಹುಲ್ಲು ಮೇವಿಗೆ, ಬೇಲಿಯಂಚಿನ ಹುಲ್ಲು ಬೀಜಕ್ಕೆ ಎಂದು ಹಂಚಿಕೊಳ್ಳುವುದು ಸೂಕ್ತ. ಶಾಲೆಯವರು ಊರಿನ ಎಮ್ಮೆ ಸಾಕಿದವರೊಡನೆ ಮಾತನಾಡಿ ಯಾವ ಪಟ್ಟಿಯನ್ನು ಯಾವ ನಕ್ಷತ್ರದಲ್ಲಿ ಯಾರು ಕೊಯ್ಯಬೇಕೆಂದು ಗೊತ್ತುಮಾಡಿದರೆ ಪೆಟ್ರೋಲಿನ ಖರ್ಚೂ ಉಳಿಯುತ್ತದೆ. ಮೇಲೆ ಹೇಳಿದ ಕೆನಡಾದ ಅಧ್ಯಯನದಲ್ಲಿ ಟ್ರುವಾ-ರಿವ್ಯೇರ್ ಎಂಬ ಪಟ್ಟಣದ ಲೆಕ್ಕ ಹಾಕಿ, ವರ್ಷಕ್ಕೆ 15 ಸಲದ ಬದಲು 10 ಸಲ ಕತ್ತರಿಸಿದರೆ ಖರ್ಚಿನಲ್ಲಿ ನೂರಕ್ಕೆ 36ರಷ್ಟು ಉಳಿತಾಯವೆಂದು ತೋರಿಸಿದ್ದಾರೆ. ನಮ್ಮ ಪುರಸಭೆಗಳೂ ಈ ಲೆಕ್ಕ ಹಾಕಿ ನೋಡಬಹುದು.

ಕೊಯ್ಯುವ ರೀತಿಯೂ ಮುಖ್ಯ. ನಡು ಹಗಲು ಹೂವಿನ ಮೇಲೆ ಜೇನುಗಳಿರುತ್ತವೆ. ಬೆಳಿಗ್ಗೆ ಬೇಗ ಅಥವಾ ಹೊತ್ತು ಇಳಿದ ಮೇಲೆ ಕೊಯ್ದರೆ ಅವು ಬದುಕುತ್ತವೆ. ಯಂತ್ರ ನಡೆಸುವವರು ಸಾಮಾನ್ಯವಾಗಿ ಹೊರಗಿನಿಂದ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಇದರಿಂದ ಕಪ್ಪೆ, ಓತಿಕ್ಯಾತ, ಹಕ್ಕಿಮರಿಗಳೆಲ್ಲ ನಡುವಿನ ಕೊನೆಯ ತುಂಡಿನಲ್ಲಿ ಸಿಕ್ಕಿಬಿದ್ದು ಸಾಯುತ್ತವೆ. ನಡುವಿನಿಂದ ಆರಂಭಿಸಿ ಹೊರಗೆ ಬಂದರೆ, ಇಲ್ಲವೆ ಒಂದು ಕಡೆಯಿಂದ ಬೇಲಿಯ ಕಡೆಗೆ ಕೊಯ್ಯುತ್ತ ಹೋದರೆ ಅವುಗಳಿಗೆ ಓಡಲು ದಾರಿ ಸಿಗುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆದರೆ ಬೇರು ಸೊರಗುತ್ತದೆಂಬುದು ಹುಲ್ಲುಹಾಸಿನವರ ಹಳೆಯ ನಿಯಮ. ನೀರು ಹಾಯಿಸಿ ಬೆಳೆಸುವ ನವನಗರದ ಹುಲ್ಲುಹಾಸುಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಸ್ವಲ್ಪ ಎತ್ತರ ಉಳಿಸಿದ ಹುಲ್ಲು ಬೇಸಿಗೆಯಲ್ಲಿ ನೆಲಕ್ಕೆ ನೆರಳು ಕೊಟ್ಟು ತೇವ ಕಾಯುತ್ತದೆ.

ಹೊಲದ ಒಡ್ಡಿಗೂ ಕಾಲುವೆಯ ದಂಡೆಗೂ ಇದೇ ಕ್ರಮ ಸಾಕು. ಒಡ್ಡಿನ ಎರಡೂ ಮಗ್ಗುಲನ್ನು ಒಂದೇ ದಿನ ಕೊಯ್ಯದೆ, ಈ ನಕ್ಷತ್ರಕ್ಕೆ ಒಂದು ಮಗ್ಗುಲು, ಮುಂದಿನದಕ್ಕೆ ಇನ್ನೊಂದು ಮಗ್ಗುಲು ಎಂದು ಇಟ್ಟುಕೊಳ್ಳಬಹುದು. ಬೀಳಗಿ-ಮುಧೋಳ ತಾಲೂಕುಗಳ ನಡುವಿನ ಯಡಹಳ್ಳಿ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಈ ಸೀಮೆಯ ಹುಲ್ಲು-ಹೂಗಳೂ ಹಕ್ಕಿಗಳೂ ಅಲ್ಲಿ ತಕ್ಕಮಟ್ಟಿಗೆ ಉಳಿದಿವೆ. ಅಲ್ಲಿಂದ ಊರಿನವರೆಗೆ ಅವು ಬರಬೇಕಾದರೆ ನಡುವೆ ಇರುವ ದಾರಿ ನಮ್ಮ ಒಡ್ಡುಗಳೇ.

ಆ ಶಾಲೆಯಲ್ಲಿ ಮರುವರ್ಷ ಬೇಲಿಯ ಅಂಚನ್ನು ಬಿಟ್ಟರು. ಹುಡುಗರು ಹಗ್ಗ ಕಟ್ಟಿ ಪಟ್ಟಿ ಗುರುತು ಮಾಡಿದರು. ಭಾದ್ರಪದದಲ್ಲಿ ತುಂಬೆಯ ಮೇಲೆ ಜೇನು ಕಂಡವು, ಕುಂಬಳಕ್ಕೂ ಬಂದವು, ಕಾಯಿಯೂ ಕಚ್ಚಿತು. ಅದು ಹುಲ್ಲು ಬಿಟ್ಟದ್ದರಿಂದ ಮಾತ್ರ ಆಯಿತೆಂದು ನಾನು ಹೇಳಲಾರೆ. ಆ ವರ್ಷ ಮಳೆಯೂ ಹದವಾಗಿತ್ತು, ಕಳೆನಾಶಕವನ್ನೂ ನಿಲ್ಲಿಸಿದ್ದರು. ಕುಡಗೋಲಿನ ಆ ಹೆಣ್ಣುಮಗಳಿಗೆ ಮಾಸ್ತರರು ಪಟ್ಟಿಗಳನ್ನು ಕೊಯ್ಯಲು ಹೇಳಿದ್ದರು. ಹಗ್ಗ ನೋಡಿ ಆಕೆ, "ಇದಕ್ಯಾಕ್ರಿ ದಾರ, ನನಗ ಗೊತ್ತಿಲ್ಲೇನು?" ಎಂದರಂತೆ. ಸ್ವಾತಿ ಮುಗಿದ ಮೇಲೆ ಬೇಲಿಯಂಚಿನ ಒಣ ಹುಲ್ಲನ್ನು ಕೊಯ್ಯುವಾಗ ಅದನ್ನು ಅಲ್ಲಿಯೇ ಎರಡು ದಿನ ಹರವಿ, ಬೀಜವೆಲ್ಲ ಉದುರುವಂತೆ ಜಾಡಿಸಿ, ಆಮೇಲೆ ಕಟ್ಟು ಕಟ್ಟಿದರು. ಬೇಸಿಗೆಗೆ ಮುಂಚೆ ಈ ಒಣ ಹುಲ್ಲನ್ನು ತೆಗೆದುಬಿಡುವುದು ಅವಶ್ಯ. ಇಲ್ಲದಿದ್ದರೆ ಯಾರೋ ಎಸೆದ ಬೀಡಿಯ ತುಂಡಿನಿಂದ ಬೇಲಿಗೆ ಬೆಂಕಿ ಹತ್ತಬಹುದು.